ಸೂಜಿಮೊನೆಯಷ್ಟು ಗಾಯ, ಹನ್ನೊಂದೂವರೆ ವರ್ಷದ ಕಲಿಕೆ



ಎಕ್ಸ್‌ರೇ ಡಾಕ್ಟರು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಮಬ್ಬು ಬೆಳಕಿನ ಕೋಣೆಯಲ್ಲಿ ಕುಳಿತು, ಮೂಳೆಯ ಅಥವಾ ಎದೆಯ ಚಿತ್ರವನ್ನು ನೋಡಿ, ನಾಲ್ಕು ಸಾಲಿನ ವರದಿ ಬರೆದುಕೊಡುವ ಒಬ್ಬ ವೈದ್ಯರು. ರೋಗಿಯ ಕೈಗೆ ಲಕೋಟೆ ಬರುತ್ತದೆ. ವರದಿ ಬರೆದವರ ಮುಖವನ್ನು ಅವನು ನೋಡಿರುವುದೇ ಇಲ್ಲ. ಫಿಲ್ಮಿನ ಜಾಗಕ್ಕೆ ಈಗ ಕಂಪ್ಯೂಟರಿನ ಪರದೆ ಬಂದಿದೆ ಎಂಬುದನ್ನು ಬಿಟ್ಟರೆ ಈ ಚಿತ್ರ ಬಹುಮಟ್ಟಿಗೆ ಸರಿಯೇ. ಆದರೆ ಇದೇ ವಿಭಾಗದಿಂದ ಕವಲೊಡೆದ ಒಂದು ಶಾಖೆಯ ವೈದ್ಯರು ಚಿತ್ರ ನೋಡಿ ಸುಮ್ಮನಾಗುವುದಿಲ್ಲ. ಪರದೆಯ ಮೇಲೆ ಚಿತ್ರ ಮೂಡುತ್ತಿರುವಾಗಲೇ ರೋಗಿಯ ರಕ್ತನಾಳದೊಳಗೆ ಸಣ್ಣದೊಂದು ನಳಿಕೆಯನ್ನು ತೂರಿಸಿ, ಮುಚ್ಚಿದ್ದನ್ನು ತೆರೆಯುತ್ತಾರೆ; ಸೋರುತ್ತಿರುವುದನ್ನು ಮುಚ್ಚುತ್ತಾರೆ. ಹೊರಗೆ ಕಾಣುವ ಗಾಯ ಎರಡು ಮೂರು ಮಿಲಿಮೀಟರು ಮಾತ್ರ.

ಇದಕ್ಕೆ ಇಂಟರ್‌ವೆನ್ಷನಲ್ ರೇಡಿಯಾಲಜಿ ಎಂದು ಹೆಸರು. ಕನ್ನಡದಲ್ಲಿ ಚಿಕಿತ್ಸಕ ವಿಕಿರಣಶಾಸ್ತ್ರ ಎನ್ನಬಹುದು. ಆದರೆ ಹಾಗೆಂದರೆ ಕ್ಯಾನ್ಸರಿಗೆ ಕೊಡುವ ಕರೆಂಟ್ ಚಿಕಿತ್ಸೆಯೇ ಎಂದು ಜನ ಕೇಳುತ್ತಾರೆ. ಅದು ಬೇರೆ, ಇದು ಬೇರೆ. ಅಲ್ಲಿ ವಿಕಿರಣವೇ ಔಷಧ. ಇಲ್ಲಿ ವಿಕಿರಣ ದಾರಿ ತೋರಿಸುವ ದೀಪ ಮಾತ್ರ. ಆದ್ದರಿಂದ ಸದ್ಯಕ್ಕೆ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಳ್ಳೋಣ. ಈ ವೈದ್ಯರನ್ನು ಹೇಗೆ ತಯಾರು ಮಾಡುತ್ತಾರೆ, ಅಮೆರಿಕದಲ್ಲಿ ಆ ತಯಾರಿಯ ಕ್ರಮವನ್ನೇ ಈಚೆಗೆ ಏಕೆ ಬದಲಿಸಿದರು, ನಮ್ಮಲ್ಲಿ ಅದಕ್ಕೆ ಯಾವ ದಾರಿಯಿದೆ ಎಂಬುದು ಈ ಹೊತ್ತಿನ ಮಾತು.

ಮೊದಲು ಕೆಲಸ ಏನೆಂದು ತಿಳಿಯಬೇಕು. ಲಂಗದ ಸೊಂಟದ ಮಡಿಕೆಯೊಳಗೆ ಲಾಡಿ ಸೇರಿಸುವುದನ್ನು ನೀವು ನೋಡಿದ್ದೀರಿ. ಲಾಡಿ ಮೆತ್ತಗಿರುತ್ತದೆ, ತಾನಾಗಿ ಒಳಗೆ ಹೋಗುವುದಿಲ್ಲ. ಅದರ ತುದಿಗೆ ಒಂದು ಪಿನ್ನು ಚುಚ್ಚಿ, ಪಿನ್ನನ್ನು ಬಟ್ಟೆಯ ಹೊರಗಿನಿಂದಲೇ ಬೆರಳಲ್ಲಿ ತಳ್ಳುತ್ತಾ ಹೋದರೆ ಲಾಡಿ ಹಿಂದೆಯೇ ಬರುತ್ತದೆ. ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ ಎಂಬ ತರುಣ ವೈದ್ಯರು 1953ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ದೂರದ ನೆಂಟ. ಅವರಿಗೆ ಆಗ ಮೂವತ್ತರ ಆಚೀಚಿನ ವಯಸ್ಸು. ಅದಕ್ಕೆ ಮುಂಚೆ ದಪ್ಪ ನಳಿಕೆಯೊಂದನ್ನು ಧಮನಿಗೆ ಸೇರಿಸಬೇಕಾದರೆ ಚರ್ಮವನ್ನು ಕೊಯ್ದು ಧಮನಿಯನ್ನು ಬಿಡಿಸಿ ತೋರಿಸಬೇಕಿತ್ತು, ಇಲ್ಲವೇ ನಳಿಕೆಗಿಂತಲೂ ದಪ್ಪನೆಯ ಸೂಜಿಯನ್ನು ಚುಚ್ಚಬೇಕಿತ್ತು. ಸೆಲ್ಡಿಂಗರ್ ಹೇಳಿದ್ದು ಇಷ್ಟೇ: ತೆಳು ಸೂಜಿಯಿಂದ ಧಮನಿಯನ್ನು ಚುಚ್ಚಿ, ಸೂಜಿಯ ಒಳಗಿನಿಂದ ಬಳುಕುವ ತಂತಿಯೊಂದನ್ನು ಸೇರಿಸಿ, ಸೂಜಿಯನ್ನು ತೆಗೆದುಬಿಡಿ, ತಂತಿ ಅಲ್ಲೇ ಇರಲಿ, ಈಗ ಆ ತಂತಿಯ ಮೇಲೆ ನಳಿಕೆಯನ್ನು ಪೋಣಿಸಿ ಒಳಗೆ ತಳ್ಳಿ, ಕೊನೆಗೆ ತಂತಿಯನ್ನು ಎಳೆದುಕೊಳ್ಳಿ. ಇದಿಷ್ಟನ್ನು ಹೇಳಲು ಒಂದು ನಿಮಿಷ ಸಾಕು. ಇಷ್ಟು ಚಿಕ್ಕ ಉಪಾಯ ಡಾಕ್ಟರೇಟಿಗೆ ಸಾಲದು ಎಂದು ಅವರ ಮೇಲಿನವರಿಗೆ ಅನ್ನಿಸಿತಂತೆ. ಅವರು ಮುಂದೆ ಬೇರೆ ವಿಷಯದ ಮೇಲೆ ಪ್ರಬಂಧ ಬರೆದರು. ಆದರೆ ಇಂದು ಜಗತ್ತಿನ ಯಾವುದೇ ದೊಡ್ಡ ಆಸ್ಪತ್ರೆಯಲ್ಲಿ ಈ ಉಪಾಯ ಬಳಕೆಯಾಗದ ದಿನವಿಲ್ಲ.

ನಳಿಕೆಗೆ ಕ್ಯಾತಿಟರ್ ಎಂದು ಹೆಸರು. ಅದರ ದಪ್ಪವನ್ನು ಫ್ರೆಂಚ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರು. ಆರು ಫ್ರೆಂಚಿನ ಕ್ಯಾತಿಟರ್ ಎಂದರೆ ಎರಡು ಮಿಲಿಮೀಟರು ದಪ್ಪ. ಹುರಿದ ಶಾವಿಗೆಯ ಎಳೆಗಿಂತ ತುಸು ದಪ್ಪ ಎಂದುಕೊಳ್ಳಿ. ತೊಡೆಸಂದಿನ ಧಮನಿಯಿಂದಲೋ ಮಣಿಕಟ್ಟಿನ ಧಮನಿಯಿಂದಲೋ ಹೊರಟು, ಮಹಾಧಮನಿಯನ್ನು ಹಾದು, ಯಕೃತ್ತಿಗೆ, ಮೂತ್ರಪಿಂಡಕ್ಕೆ, ಮಿದುಳಿಗೆ, ಎಲ್ಲಿಗೆ ಬೇಕಾದರೂ ಅದು ಹೋಗಬಲ್ಲದು. ಅಯೋಡಿನ್ ಇರುವ ದ್ರವವನ್ನು ಅದರೊಳಗಿಂದ ಚಿಮ್ಮಿಸಿದರೆ ರಕ್ತನಾಳಗಳು ಎಕ್ಸ್‌ರೇ ಪರದೆಯ ಮೇಲೆ ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಕಾಣುತ್ತವೆ.

ಇದನ್ನು ನೋಡುವುದಕ್ಕೆಂದೇ ಕಂಡುಹಿಡಿದದ್ದು. ನೋಡುವುದರಿಂದ ಮಾಡುವುದಕ್ಕೆ ದಾಟಿದವರು ಅಮೆರಿಕದ ಪೋರ್ಟ್‌ಲೆಂಡ್ ನಗರದ ಚಾರ್ಲ್ಸ್ ಡಾಟರ್. 1964ರ ಜನವರಿ 16ರಂದು ಅವರ ಮುಂದೆ ಇದ್ದವರು 82 ವರ್ಷದ ಒಬ್ಬ ವೃದ್ಧೆ. ಕಾಲಿನ ಧಮನಿ ಕಿರಿದಾಗಿ, ರಕ್ತ ಸಾಲದೆ ಬೆರಳುಗಳು ಕೊಳೆಯತೊಡಗಿದ್ದವು. ಕಾಲು ತೆಗೆಯಬೇಕೆಂದು ಶಸ್ತ್ರವೈದ್ಯರು ಹೇಳಿದ್ದರು, ಆಕೆ ಒಪ್ಪಿರಲಿಲ್ಲ. ಡಾಟರ್ ಆ ಧಮನಿಯೊಳಗೆ ತಂತಿ ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪವಾದ ಟೆಫ್ಲಾನ್ ನಳಿಕೆಗಳನ್ನು ಹಾಯಿಸಿ ದಾರಿಯನ್ನು ಅಗಲ ಮಾಡಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು. ವಾರದಲ್ಲಿ ನೋವು ನಿಂತಿತು. ಆಕೆ ಮುಂದೆ ಎರಡೂವರೆ ವರ್ಷ, ಸಾಯುವವರೆಗೂ, ತನ್ನದೇ ಕಾಲಿನ ಮೇಲೆ ನಡೆದಾಡಿದರು.

ಇದನ್ನು ಎಲ್ಲರೂ ಸ್ವಾಗತಿಸಿದರು ಎಂದುಕೊಂಡರೆ ತಪ್ಪಾಗುತ್ತದೆ. ಡಾಟರರ ಬಳಿಗೆ ರೋಗಿಯನ್ನು ಕಳಿಸುವಾಗ ಶಸ್ತ್ರವೈದ್ಯರೊಬ್ಬರು, ಚಿತ್ರ ತೆಗೆದುಕೊಡಿ ಸಾಕು, ಸರಿಪಡಿಸುವುದಕ್ಕೆ ಹೋಗಬೇಡಿ ಎಂದು ಚೀಟಿಯಲ್ಲೇ ಬರೆದಿದ್ದರು. ಆ ಚೀಟಿ ಇಂದು ಈ ಶಾಖೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅಮೆರಿಕದಲ್ಲಿ ಹಲವು ವರ್ಷ ಅವರ ವಿಧಾನಕ್ಕೆ ಹೆಚ್ಚಿನ ಬೆಲೆ ಸಿಗಲಿಲ್ಲ. ಯೂರೋಪಿನವರು, ವಿಶೇಷವಾಗಿ ಜರ್ಮನರು, ಅದನ್ನು ಡಾಟರಿಂಗ್ ಎಂದು ಕರೆದು ಬೆಳೆಸಿದರು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಡಾಟರ್ 1968ರಲ್ಲಿ ತಮ್ಮವರಿಗೇ ಕೊಟ್ಟ ಎಚ್ಚರಿಕೆ. ಚಿಕಿತ್ಸೆ ಮಾಡುವ ಕೈ ನಮ್ಮದು, ರೋಗಿಯ ಹೊಣೆ ಬೇರೆಯವರದು ಎಂದು ಕುಳಿತರೆ ನಾವು ದುಬಾರಿ ಕೂಲಿಯ ನಲ್ಲಿ ರಿಪೇರಿಯವರಾಗುತ್ತೇವೆ, ಯಂತ್ರವನ್ನು ಬೇರೆಯವರೂ ಕೊಳ್ಳಬಹುದು, ಕೈಚಳಕವನ್ನು ಬೇರೆಯವರೂ ಕಲಿಯಬಹುದು ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಆದದ್ದೂ ಹಾಗೆಯೇ. 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಹೃದಯದ ಧಮನಿಯನ್ನು ಪುಟ್ಟ ಬಲೂನಿನಿಂದ ಹಿಗ್ಗಿಸಿದರು. ಅಲ್ಲಿಂದಾಚೆಗೆ ಹೃದಯದ ಆಂಜಿಯೋಪ್ಲಾಸ್ಟಿ ಹೃದಯತಜ್ಞರ ಪಾಲಾಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ನಿಮ್ಮ ಅಜ್ಜನಿಗೆ ಸ್ಟೆಂಟ್ ಹಾಕಿದ್ದರೆ, ಹಾಕಿದವರು ಹೃದಯತಜ್ಞರು. ಎದೆನೋವೆಂದು ರೋಗಿ ಮೊದಲು ಹೋಗುವುದು ಅವರ ಬಳಿಗೆ; ಆಮೇಲೆ ವರ್ಷಗಟ್ಟಲೆ ಮಾತ್ರೆ ಬರೆದುಕೊಟ್ಟು ನೋಡಿಕೊಳ್ಳುವವರೂ ಅವರೇ. ರೋಗಿ ಯಾರವನೋ ಚಿಕಿತ್ಸೆಯೂ ಅವರದಾಯಿತು. ಇದರಲ್ಲಿ ಅನ್ಯಾಯ ಏನೂ ಇಲ್ಲವೆಂದೇ ನನ್ನ ಅಭಿಪ್ರಾಯ.

ಈಗ ರೆಸಿಡೆನ್ಸಿ ಎಂಬ ಪದಕ್ಕೆ ಬರೋಣ. ರೆಸಿಡೆಂಟ್ ಎಂದರೆ ವಾಸ ಇರುವವನು. 1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಆರಂಭವಾದಾಗ ವಿಲಿಯಂ ಆಸ್ಲರ್, ವಿಲಿಯಂ ಹಾಲ್‌ಸ್ಟೆಡ್ ಮೊದಲಾದವರು, ವೈದ್ಯಪದವಿ ಮುಗಿಸಿದ ತರುಣರು ಆಸ್ಪತ್ರೆಯಲ್ಲೇ ಉಳಿದು, ವರ್ಷದಿಂದ ವರ್ಷಕ್ಕೆ ಹೆಚ್ಚಿನ ಹೊಣೆ ಹೊರುತ್ತಾ ಕಲಿಯುವ ಪದ್ಧತಿಯನ್ನು ರೂಢಿಗೆ ತಂದರು. ಆ ತರುಣರು ನಿಜವಾಗಿಯೂ ಆಸ್ಪತ್ರೆಯ ಕಟ್ಟಡದಲ್ಲೇ ವಾಸವಿದ್ದರು. ನಮ್ಮ ಗುರುಕುಲದಂತೆಯೇ ಎಂದು ಯಾರಾದರೂ ಹೇಳಬಹುದು. ಹೋಲಿಕೆ ಸ್ವಲ್ಪ ದೂರಕ್ಕೆ ಮಾತ್ರ ಸರಿ. ಇಲ್ಲಿ ಶಿಷ್ಯ ಮೊದಲ ದಿನದಿಂದಲೇ ಸಂಬಳ ಪಡೆಯುವ ಕೆಲಸಗಾರನೂ ಹೌದು, ರೋಗಿಯ ಪಾಲಿಗೆ ಅವನೇ ಡಾಕ್ಟರೂ ಹೌದು. ರಾತ್ರಿ ಎರಡಕ್ಕೆ ಹಾಸಿಗೆಯ ಪಕ್ಕಕ್ಕೆ ಬರುವವನು ಅವನೇ.

ಅಮೆರಿಕದಲ್ಲಿ ಬಹುಕಾಲ ಈ ಶಾಖೆಯ ಕಲಿಕೆ ಹೇಗಿತ್ತೆಂದರೆ, ಮೊದಲು ಚಿತ್ರ ನೋಡಿ ರೋಗ ಗುರುತಿಸುವ ರೇಡಿಯಾಲಜಿಯ ರೆಸಿಡೆನ್ಸಿ. ಅದು ಮುಗಿದ ಮೇಲೆ ಒಂದೇ ಒಂದು ವರ್ಷದ ಫೆಲೋಶಿಪ್. ಆ ವರ್ಷದಲ್ಲಿ ತಂತಿ, ನಳಿಕೆ, ಬಲೂನು ಎಲ್ಲವನ್ನೂ ಕಲಿಯಬೇಕು. ಕೈ ಕಲಿಯುತ್ತಿತ್ತು. ಆದರೆ ವಾರ್ಡಿನಲ್ಲಿ ರೋಗಿಯನ್ನು ನೋಡುವುದು, ಹೊರರೋಗಿ ವಿಭಾಗದಲ್ಲಿ ಕುಳಿತು ಈ ಚಿಕಿತ್ಸೆ ಬೇಕೇ ಬೇಡವೇ ಎಂದು ತೀರ್ಮಾನಿಸುವುದು, ತೀವ್ರ ನಿಗಾ ಘಟಕದಲ್ಲಿ ಬಿದ್ದುಹೋಗುತ್ತಿರುವ ರಕ್ತದೊತ್ತಡವನ್ನು ಎತ್ತಿಹಿಡಿಯುವುದು, ಇವಕ್ಕೆ ಪುರುಸೊತ್ತೇ ಇರಲಿಲ್ಲ. ಡಾಟರ್ ಎಚ್ಚರಿಸಿದ ನಲ್ಲಿ ರಿಪೇರಿಯವನನ್ನೇ ಈ ಕ್ರಮ ತಯಾರಿಸುತ್ತಿದೆ ಎಂಬ ಮಾತು ಆ ಶಾಖೆಯ ಒಳಗಿನಿಂದಲೇ ಬಂತು.

2012ರಲ್ಲಿ ಅಲ್ಲಿನ ವೈದ್ಯಕೀಯ ಪರಿಣತಿ ಮಂಡಳಿಗಳ ಒಕ್ಕೂಟವು ಇಂಟರ್‌ವೆನ್ಷನಲ್ ರೇಡಿಯಾಲಜಿಯನ್ನು, ಚಿತ್ರರೋಗನಿರ್ಣಯದ ಜೊತೆಗೂಡಿಸಿ, ತನ್ನದೇ ಆದ ಪ್ರಧಾನ ವಿಷಯವೆಂದು ಒಪ್ಪಿತು. ಕೆಲವು ವರ್ಷಗಳಲ್ಲಿ ಹೊಸ ರೆಸಿಡೆನ್ಸಿಗಳು ಶುರುವಾದವು; 2020ಕ್ಕೆ ಹಳೆಯ ಒಂದು ವರ್ಷದ ಫೆಲೋಶಿಪ್ ನಿಂತುಹೋಯಿತು. ಹೊಸ ಕ್ರಮದಲ್ಲಿ ವೈದ್ಯಪದವಿಯ ನಂತರ ಆರು ವರ್ಷ. ಮೊದಲ ವರ್ಷ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ವಾರ್ಡುಗಳಲ್ಲಿ. ಅಲ್ಲಿ ಕ್ಯಾತಿಟರಿನ ಸುದ್ದಿಯೇ ಇಲ್ಲ. ಹೊಟ್ಟೆ ಉಬ್ಬಿದೆಯೇ, ಮೂತ್ರ ಎಷ್ಟು ಬಂತು, ಜ್ವರ ಏಕೆ ಇಳಿಯಲಿಲ್ಲ, ಮನೆಯವರಿಗೆ ಏನು ಹೇಳಬೇಕು, ಇದೇ ಪಾಠ. ನಂತರದ ಮೂರು ವರ್ಷ ಮುಖ್ಯವಾಗಿ ಚಿತ್ರಗಳು: ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿ.ಟಿ., ಎಂ.ಆರ್.ಐ. ಕೊನೆಯ ಎರಡು ವರ್ಷ ಚಿಕಿತ್ಸೆಯ ಕೊಠಡಿ, ಜೊತೆಗೆ ಹೊರರೋಗಿ ವಿಭಾಗ, ತೀವ್ರ ನಿಗಾ ಘಟಕ. ತಡವಾಗಿ ಮನಸ್ಸು ಮಾಡಿದವರಿಗೆ ಇನ್ನೊಂದು ಬಾಗಿಲೂ ಇದೆ. ರೇಡಿಯಾಲಜಿ ರೆಸಿಡೆನ್ಸಿ ಮುಗಿಸಿ ಎರಡು ವರ್ಷದ ಪ್ರತ್ಯೇಕ ರೆಸಿಡೆನ್ಸಿಗೆ ಸೇರಬಹುದು. ರೇಡಿಯಾಲಜಿ ಓದುವಾಗಲೇ ನಿಗದಿತ ಪೂರ್ವಸಿದ್ಧತೆ ಮಾಡಿಕೊಂಡವರಿಗೆ ಅದು ಒಂದೇ ವರ್ಷ.

ಅಲ್ಲಿ ಸೀಟು ಹಂಚುವ ರೀತಿಯನ್ನು ಸಂದರ್ಭ ಬಂದದ್ದರಿಂದ ಹೇಳಿಬಿಡುತ್ತೇನೆ. ಅಭ್ಯರ್ಥಿಗಳು ಸಂದರ್ಶನಕ್ಕೆ ಹೋಗಿ ಬಂದು, ತಮಗೆ ಬೇಕಾದ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಬರೆಯುತ್ತಾರೆ. ಆಸ್ಪತ್ರೆಗಳೂ ಅಭ್ಯರ್ಥಿಗಳನ್ನು ಹಾಗೆಯೇ ಬರೆಯುತ್ತವೆ. ಎರಡು ಪಟ್ಟಿಗಳನ್ನೂ ಗಣಕಯಂತ್ರ ಜೋಡಿಸುತ್ತದೆ. ಮಾರ್ಚ್ ತಿಂಗಳ ಒಂದು ಶುಕ್ರವಾರ ಎಲ್ಲರಿಗೂ ಒಟ್ಟಿಗೆ ಫಲಿತಾಂಶ ತಿಳಿಯುತ್ತದೆ. ಹೀಗೆ ಜೋಡಿಸುವ ಗಣಿತಕ್ಕೂ ಅದರ ಬಳಕೆಗೂ ಸಂಬಂಧಿಸಿ ಲಾಯ್ಡ್ ಶೇಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗಣಿತ ಓದುವವರು ಹುಡುಕಿ ನೋಡಿ, ಎರಡನೆಯ ಪಿ.ಯು.ಸಿ. ವಿದ್ಯಾರ್ಥಿಗೂ ಅರ್ಥವಾಗುವಷ್ಟು ಸರಳವಾಗಿದೆ.

ಸರಿ, ಇಷ್ಟು ವರ್ಷ ಏನನ್ನು ಕಲಿಯುತ್ತಾರೆ? ಒಂದು ರಾತ್ರಿಯ ಕೆಲಸವನ್ನು ಹಿಂಬಾಲಿಸಿದರೆ ತಿಳಿಯುತ್ತದೆ. ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ ಎಂದಿಟ್ಟುಕೊಳ್ಳಿ. ಪ್ರಸೂತಿ ತಜ್ಞರು ಔಷಧ ಕೊಟ್ಟಿದ್ದಾರೆ, ಗರ್ಭಕೋಶದೊಳಗೆ ಬಲೂನು ಇಟ್ಟು ಒತ್ತಿದ್ದಾರೆ, ರಕ್ತ ಏರಿಸುತ್ತಿದ್ದಾರೆ. ಇನ್ನು ಉಳಿದದ್ದು ಗರ್ಭಕೋಶವನ್ನು ತೆಗೆಯುವುದು ಅಥವಾ ಅದಕ್ಕೆ ಹೋಗುವ ಧಮನಿಯನ್ನು ಒಳಗಿನಿಂದ ಮುಚ್ಚುವುದು. ಈ ಎರಡನೆಯ ಉಪಾಯವನ್ನು ಮೊದಲು ವರದಿ ಮಾಡಿದ್ದು 1979ರಲ್ಲಿ. ಕರ್ತವ್ಯದ ಮೇಲಿರುವ ರೆಸಿಡೆಂಟಿಗೆ ದೂರವಾಣಿ ಕರೆ ಬರುತ್ತದೆ.

ಅವಳು ಮೊದಲು ಉತ್ತರಿಸಬೇಕಾದ ಪ್ರಶ್ನೆಗೂ ಕ್ಯಾತಿಟರಿಗೂ ಸಂಬಂಧವಿಲ್ಲ. ಈ ತಾಯಿಯನ್ನು ಆಂಜಿಯೋ ಕೊಠಡಿಯವರೆಗೆ ಸಾಗಿಸಬಹುದೇ? ದಾರಿಯಲ್ಲೇ ಕುಸಿಯುವ ಸ್ಥಿತಿಯಿದ್ದರೆ ಆಪರೇಷನ್ ಥಿಯೇಟರೇ ಸರಿ, ನಮ್ಮ ಚಿಕಿತ್ಸೆ ಬೇಡ ಎಂದು ಹೇಳುವುದಕ್ಕೆ ಬರಬೇಕು. ಹಾಗೆ ಹೇಳಲು ರಕ್ತದೊತ್ತಡದ ಅಂಕಿ ಒಂದನ್ನೇ ನೋಡಿದರೆ ಸಾಲದು. ಮುಖ ನೋಡಬೇಕು, ಕೈ ಮುಟ್ಟಿ ತಣ್ಣಗಿದೆಯೇ ಎಂದು ನೋಡಬೇಕು. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಕಳೆದ ಆ ಮೊದಲ ವರ್ಷ ಇಲ್ಲಿ ಕೆಲಸಕ್ಕೆ ಬರುತ್ತದೆ. ಮುಂದಿನ ಪ್ರಶ್ನೆಗಳು: ರಕ್ತ ಹೆಪ್ಪುಗಟ್ಟುತ್ತಿದೆಯೇ? ಅಯೋಡಿನ್ ದ್ರವಕ್ಕೆ ಹಿಂದೆ ಅಲರ್ಜಿ ಆಗಿತ್ತೇ? ಮೂತ್ರಪಿಂಡ ಹೇಗಿದೆ?

ಆಮೇಲೆ ಒಪ್ಪಿಗೆ. ಇದನ್ನು ಬರಿ ಸಹಿ ಎಂದು ತಿಳಿದವರು ನಮ್ಮಲ್ಲಿ ಬಹಳ. ಹೊರಗೆ ಬೆಂಚಿನ ಮೇಲೆ ಕುಳಿತ ತಾಯಿಯ ಅಮ್ಮನ ಮುಂದೆ ಕಾಗದ ಹಿಡಿದು, 'ಇಲ್ಲಿ ಹೆಬ್ಬೆಟ್ಟು ಒತ್ತಿ' ಎಂದರೆ ಅದು ಒಪ್ಪಿಗೆಯಾಗದು. 'ಅಮ್ಮಾ, ನಿಮ್ಮ ಮಗಳಿಗೆ ರಕ್ತ ಹೋಗ್ತಾ ಇರೋದನ್ನ ನಿಲ್ಲಿಸೋಕೆ ತೊಡೆಸಂದಿನಿಂದ ಒಂದು ಸಣ್ಣ ಟ್ಯೂಬ್ ಹಾಕ್ತೀವಿ. ಹೊಟ್ಟೆ ಕೊಯ್ಯೋದಿಲ್ಲ. ಇದರಲ್ಲಿ ನಿಲ್ಲದೇ ಹೋದ್ರೆ ಆಪರೇಷನ್ ಮಾಡಬೇಕಾಗಬಹುದು. ಅದನ್ನೂ ಈಗಲೇ ಹೇಳಿರ್ತೀನಿ' ಎಂದು ಕುಳಿತು ಹೇಳಲು ಎರಡು ನಿಮಿಷ ಬೇಕು. ತಾಯಿಗೆ ಎಚ್ಚರವಿದ್ದರೆ ಮೊದಲು ಅವಳಿಗೇ ಹೇಳಬೇಕು. ಈ ಎರಡು ನಿಮಿಷವನ್ನು ಹಿರಿಯರು ಮಾಡಿ ತೋರಿಸದೆ ಕಿರಿಯರು ಕಲಿಯುವುದಿಲ್ಲ.

ಕೊಠಡಿಯೊಳಗೆ ಬಂದ ಮೇಲೆ ಕೈಯ ಕೆಲಸ. ಬಲತೊಡೆಸಂದಿನಿಂದ ಒಳಹೊಕ್ಕ ತಂತಿ ಮೇಲಕ್ಕೇರಿ, ಮಹಾಧಮನಿ ಎರಡಾಗಿ ಒಡೆಯುವ ಜಾಗದಲ್ಲಿ ತಿರುಗಿ, ಎಡಗಡೆಗೆ ಇಳಿಯಬೇಕು. ಪರದೆಯ ಮೇಲೆ ಕಾಣುವುದು ಚಪ್ಪಟೆ ಚಿತ್ರ, ದೇಹ ಚಪ್ಪಟೆಯಲ್ಲ. ಮುಂದಕ್ಕೆ ಬಾಗಿದ ಕೊಂಬೆ ಯಾವುದು, ಹಿಂದಕ್ಕೆ ಬಾಗಿದ್ದು ಯಾವುದು ಎಂದು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಮೂರು ವರ್ಷ ಸಿ.ಟಿ. ನೋಡಿದ ಕಣ್ಣು ಇಲ್ಲಿ ಕೈಗೆ ದಾರಿ ಹೇಳುತ್ತದೆ. ಗರ್ಭಕೋಶದ ಧಮನಿಯನ್ನು ತಲುಪಿದ ಮೇಲೆ ಜೆಲಟಿನ್ ಸ್ಪಂಜಿನ ಚೂರುಗಳನ್ನು ದ್ರವದಲ್ಲಿ ಕಲಸಿ ಮೆಲ್ಲಗೆ ಬಿಡುತ್ತಾರೆ. ರಕ್ತದ ಹರಿವು ನಿಲ್ಲುತ್ತದೆ. ಕೆಲವು ವಾರಗಳಲ್ಲಿ ಆ ಸ್ಪಂಜು ತಾನಾಗಿ ಕರಗಿಹೋಗುತ್ತದೆ, ಗರ್ಭಕೋಶ ಉಳಿದಿರುತ್ತದೆ. ಆದರೆ ಜೋರಾಗಿ ಒತ್ತಿದರೆ ಚೂರುಗಳು ಹಿಂದಕ್ಕೆ ಹರಿದು ಬೇರೆ ಧಮನಿಗೆ, ಉದಾಹರಣೆಗೆ ಕಾಲಿನ ಧಮನಿಗೆ, ಸೇರಬಹುದು. ಎಷ್ಟು ಒತ್ತಬೇಕೆಂಬುದನ್ನು ಪುಸ್ತಕ ಹೇಳಲಾರದು. ಮೊದಲು ನೋಡುವುದು, ನಂತರ ಪಕ್ಕದಲ್ಲಿ ನಿಂತು ಸಹಾಯ ಮಾಡುವುದು, ನಂತರ ಗುರುವಿನ ಕೈ ತನ್ನ ಕೈಯ ಪಕ್ಕದಲ್ಲಿರುವಾಗ ಮಾಡುವುದು, ಕೊನೆಗೆ ಗುರು ಗಾಜಿನ ಆಚೆ ನಿಂತಿರುವಾಗ ಮಾಡುವುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೊಣೆ ಬರುತ್ತದೆ. ಎಡಗಡೆ ಮುಗಿದರೆ ಬಲಗಡೆಯದೂ ಆಗಬೇಕು. ಗರ್ಭಕೋಶಕ್ಕೆ ಎರಡೂ ಕಡೆಯಿಂದ ರಕ್ತ ಬರುತ್ತದೆ.

ನಳಿಕೆ ತೆಗೆದ ಮೇಲೆ ಚುಚ್ಚಿದ ಜಾಗವನ್ನು ಹದಿನೈದು ನಿಮಿಷದಷ್ಟು ಬೆರಳಿನಿಂದ ಅದುಮಿ ಹಿಡಿಯಬೇಕು. ಈ ಕೆಲಸ ಬೇಸರದ್ದು, ಮುಖ್ಯವಾದದ್ದು. ತಾಯಿ ಕೆಲವು ಗಂಟೆ ಕಾಲು ಮಡಿಸಬಾರದು. ಪಾದದ ನಾಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಬೇಕು. ಬೆಳಿಗ್ಗೆ ಆರಕ್ಕೆ ಆ ನಾಡಿಯನ್ನು ನೋಡಲು ಬರುವವರು ಯಾರು? ಹಳೆಯ ಕ್ರಮದಲ್ಲಿ ಉತ್ತರ, ಪ್ರಸೂತಿ ವಿಭಾಗದವರು. ಹೊಸ ಕ್ರಮದಲ್ಲಿ ಉತ್ತರ, ರಾತ್ರಿ ಚಿಕಿತ್ಸೆ ಮಾಡಿದ ರೆಸಿಡೆಂಟೂ. ಅಮೆರಿಕದವರು ಒಂದು ವರ್ಷದ ಫೆಲೋಶಿಪ್ ಬಿಟ್ಟು ಆರು ವರ್ಷದ ರೆಸಿಡೆನ್ಸಿ ಕಟ್ಟಿದ್ದರ ತಿರುಳು ನನಗೆ ಕಾಣುವಂತೆ ಇಲ್ಲಿದೆ.

ಎಲ್ಲವೂ ಸರಿಹೋಗುವುದಿಲ್ಲ. ಸರಿಹೋಗದ್ದನ್ನು ವಿಭಾಗದವರೆಲ್ಲ ಕುಳಿತು ಚರ್ಚಿಸುವ ಸಭೆ ತರಬೇತಿಯ ಭಾಗವೇ ಆಗಿದೆ. ರೆಸಿಡೆಂಟೇ ಎದ್ದು ನಿಂತು, ಏನಾಯಿತು, ಯಾವ ಹೊತ್ತಿಗೆ ಯಾವ ನಿರ್ಧಾರ ಮಾಡಿದೆವು ಎಂದು ಚಿತ್ರಗಳೊಡನೆ ವಿವರಿಸಬೇಕು. ಯಾರದು ತಪ್ಪು ಎಂಬ ಜಗಳಕ್ಕೆ ಆ ಸಭೆ ಇಳಿದರೆ ಅದರಿಂದ ಉಪಯೋಗವಿಲ್ಲ. ಕಿರಿಯರು ಮುಂದಿನ ಸಲ ಮುಚ್ಚಿಡುವುದನ್ನು ಕಲಿಯುತ್ತಾರೆ.

ಇನ್ನೊಂದು ಪಾಠ ವಿಕಿರಣದ್ದು, ಇದು ನಿಮ್ಮ ಭೌತಶಾಸ್ತ್ರದ ಪಾಠವೂ ಹೌದು. ಎಕ್ಸ್‌ರೇ ಉರಿಯುವುದು ಕಾಲಡಿಯ ಪೆಡಲ್ ಒತ್ತಿದಾಗ. ಹೊಸಬರ ಕಾಲು ಪೆಡಲಿನ ಮೇಲೆಯೇ ಇರುತ್ತದೆ. ನುರಿತವರು ನೋಡಬೇಕಾದಷ್ಟು ನೋಡಿ ಕಾಲೆತ್ತುತ್ತಾರೆ. ಕಿರಣಗಳನ್ನು ನಿರಂತರವಾಗಿ ಹರಿಸದೆ ಸೆಕೆಂಡಿಗೆ 15 ಮಿಡಿತ, ಸಾಧ್ಯವಿದ್ದರೆ 7.5 ಮಿಡಿತ ಎಂದು ತಗ್ಗಿಸುವ ಅನುಕೂಲವಿದೆ. ವೈದ್ಯರ ಮೈಮೇಲೆ ಬೀಳುವ ವಿಕಿರಣದ ಹೆಚ್ಚಿನ ಪಾಲು ರೋಗಿಯ ದೇಹದಿಂದ ಚದುರಿ ಬಂದದ್ದು. ಮೂಲ ಚಿಕ್ಕದಾಗಿದ್ದರೆ ದೂರ ಎರಡು ಪಟ್ಟಾದಾಗ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆಂದು ನೀವು ಓದಿದ್ದೀರಲ್ಲ, ಇಲ್ಲಿ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಹೊಂದದಿದ್ದರೂ ಒಂದು ಹೆಜ್ಜೆ ಹಿಂದೆ ಸರಿಯುವುದರ ಲಾಭ ದೊಡ್ಡದು. ಸೀಸದ ಏಪ್ರನ್, ಕತ್ತಿಗೆ ಪಟ್ಟಿ, ಕಣ್ಣಿಗೆ ಸೀಸದ ಕನ್ನಡಕ ತೊಟ್ಟು ಗಂಟೆಗಟ್ಟಲೆ ನಿಲ್ಲಬೇಕು. ಬೆನ್ನುನೋವು ಈ ವೃತ್ತಿಯ ಹಳೆಯ ಸಂಗಾತಿ. ಎದೆಯ ಮೇಲಿನ ಬ್ಯಾಡ್ಜು ಪ್ರತಿಯೊಬ್ಬರ ಮೇಲೆ ಬಿದ್ದ ವಿಕಿರಣವನ್ನು ಲೆಕ್ಕ ಇಡುತ್ತದೆ. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ, ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವ ಒಂದು ವರ್ಷದಲ್ಲೂ 30 ಮೀರಬಾರದು.

ವಿದ್ಯಾರ್ಥಿನಿಯರಿಗೆ ಒಂದು ಮಾತು. ವಿಕಿರಣದ ಹೆದರಿಕೆಯಿಂದ ಈ ಶಾಖೆಯನ್ನು ಬಿಡುವ ಹೆಣ್ಣುಮಕ್ಕಳು ಬಹಳ ಮಂದಿ. ಗರ್ಭಿಣಿಯೆಂದು ತಿಳಿಸಿದ ಮೇಲೆ ಹೆರಿಗೆಯವರೆಗೆ ಭ್ರೂಣದ ಮೇಲೆ ಬೀಳುವ ವಿಕಿರಣ ಒಟ್ಟು 1 ಮಿಲಿಸೀವರ್ಟನ್ನು ಮೀರಬಾರದು ಎಂಬ ನಿಯಮವಿದೆ. ಅದಕ್ಕೆ ತಕ್ಕಂತೆ ಕೆಲಸ ಹೊಂದಿಸಿಕೊಡುವುದು ಸಂಸ್ಥೆಯ ಕರ್ತವ್ಯ. ಇದನ್ನು ತಿಳಿದು ನಿರ್ಧರಿಸಿ. ಯಾರೋ ಹೇಳಿದರೆಂದು ನಿರ್ಧರಿಸಬೇಡಿ.

ದುಡಿಮೆಯ ಗಂಟೆಗಳ ವಿಷಯ ಸ್ವಲ್ಪ ಕಹಿ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ವಿದ್ಯಾರ್ಥಿನಿಯೊಬ್ಬಳು ಸತ್ತಾಗ, ನಿದ್ದೆಯಿಲ್ಲದ ರೆಸಿಡೆಂಟುಗಳ ಕೈಯಲ್ಲಿ ರೋಗಿಗಳು ಎಷ್ಟು ಕ್ಷೇಮ ಎಂಬ ಪ್ರಶ್ನೆ ಎದ್ದಿತು. 1989ರಲ್ಲಿ ಆ ರಾಜ್ಯದಲ್ಲೂ 2003ರಲ್ಲಿ ದೇಶದಾದ್ಯಂತವೂ ವಾರಕ್ಕೆ 80 ಗಂಟೆಯ ಮಿತಿ ಬಂತು. ನಮ್ಮಲ್ಲಿ 1992ರ ಕೇಂದ್ರದ ರೆಸಿಡೆನ್ಸಿ ಆದೇಶದಲ್ಲಿ ವಾರಕ್ಕೆ 48 ಗಂಟೆ ಎಂದಿದೆ. ಅದನ್ನು ಪಾಲಿಸಿ ಎಂದು ನಮ್ಮ ರೆಸಿಡೆಂಟ್ ವೈದ್ಯರು ಇಂದಿಗೂ ಕೇಳುತ್ತಿದ್ದಾರೆ ಎಂದರೆ ಉಳಿದದ್ದನ್ನು ನೀವೇ ಊಹಿಸಬಹುದು.

ನಮ್ಮ ದಾರಿ ಹೀಗಿದೆ. ಪಿ.ಯು.ಸಿ. ನಂತರ ನೀಟ್, ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಮತ್ತೆ ಪ್ರವೇಶ ಪರೀಕ್ಷೆ; ರೇಡಿಯೋಡಯಾಗ್ನೋಸಿಸ್‌ನಲ್ಲಿ ಎಂ.ಡಿ. ಮೂರು ವರ್ಷ. ಮತ್ತೊಂದು ಪರೀಕ್ಷೆ, ಡಿ.ಎಂ. ಮೂರು ವರ್ಷ. ಕೂಡಿಸಿದರೆ ಹನ್ನೊಂದೂವರೆ ವರ್ಷ, ಅದೂ ನಡುವೆ ಒಂದು ವರ್ಷವೂ ವ್ಯರ್ಥವಾಗದಿದ್ದರೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲೂ ಮಿದುಳಿನ ರಕ್ತನಾಳಗಳ ಮಟ್ಟಿಗೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲೂ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ತರಬೇತಿಯಿದೆ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಮೂಲಕವೂ ಇದೆ. ಸೀಟುಗಳು ಕಡಿಮೆ. ಅಮೆರಿಕಕ್ಕೆ ಹೋಗುವೆನೆನ್ನುವವರು, ಇಲ್ಲಿ ಎಂ.ಡಿ. ಮಾಡಿದ್ದರೂ ಅಲ್ಲಿನ ಪರೀಕ್ಷೆಗಳನ್ನು ಬರೆದು ಸಾಮಾನ್ಯವಾಗಿ ರೆಸಿಡೆನ್ಸಿಯನ್ನು ಮೊದಲಿನಿಂದಲೇ ಮಾಡಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಮಿದುಳಿನ ಮಾತು ಬಂತು. ದೊಡ್ಡ ಧಮನಿಯೊಂದು ಹೆಪ್ಪಿನಿಂದ ಮುಚ್ಚಿ ಪಾರ್ಶ್ವವಾಯು ಬಡಿದಾಗ, ಚಿಕಿತ್ಸೆಯಿಲ್ಲದೆ ಹೋಗುವ ಪ್ರತಿ ನಿಮಿಷದಲ್ಲಿ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಕ್ಯಾತಿಟರಿನಿಂದ ಆ ಹೆಪ್ಪನ್ನು ಎಳೆದು ತೆಗೆಯುವುದರಿಂದ ಲಾಭವಿದೆ ಎಂದು 2015ರಲ್ಲಿ ಪ್ರಕಟವಾದ ಐದು ದೊಡ್ಡ ಪರೀಕ್ಷೆಗಳು ತೋರಿಸಿದವು. ಈ ಕೆಲಸ ಮಾಡಬಲ್ಲ ವೈದ್ಯರು ದೊಡ್ಡ ನಗರದಲ್ಲಿ ಮಾತ್ರ ಇದ್ದರೆ ಬೀದರಿನ ಅಥವಾ ಚಾಮರಾಜನಗರದ ರೋಗಿಗೆ ಅದರಿಂದ ಎಷ್ಟು ಪ್ರಯೋಜನ?

2021ರಿಂದ ಪ್ರವೇಶ ಪಡೆದ ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಬಂದಿದೆ. ರೇಡಿಯಾಲಜಿಯವರಿಗೂ ಅದು ಅನ್ವಯ. ಹೊರೆ ಎಂದು ಗೊಣಗುವವರಿದ್ದಾರೆ. ನನಗೆ ಅದು ನಮ್ಮ ಕ್ರಮದಲ್ಲಿರುವ ಒಂದು ಕೊರತೆಯನ್ನು ಅಷ್ಟಿಷ್ಟು ತುಂಬಬಲ್ಲ ಅವಕಾಶವಾಗಿ ಕಾಣುತ್ತದೆ. ಅಮೆರಿಕದವರು ಮೊದಲ ವರ್ಷದಲ್ಲಿ ವಾರ್ಡಿಗೆ ಕಳಿಸುತ್ತಾರೆ, ನಮ್ಮ ಎಂ.ಡಿ. ರೇಡಿಯಾಲಜಿ ವಿದ್ಯಾರ್ಥಿ ಮೂರು ವರ್ಷದ ಬಹುಪಾಲನ್ನು ಪರದೆಯ ಮುಂದೆ ಕಳೆಯುತ್ತಾನೆ. ಜಿಲ್ಲಾ ಆಸ್ಪತ್ರೆಯ ಅಲ್ಟ್ರಾಸೌಂಡ್ ಕೋಣೆಯಲ್ಲಿ ಪರದೆಯ ಪಕ್ಕದಲ್ಲೇ ರೋಗಿ ಮಲಗಿರುತ್ತಾನೆ. ಯಕೃತ್ತಿನಲ್ಲಿ ಕೀವು ಕಟ್ಟಿದೆಯೆಂದು ಕಂಡರೆ, ಅಲ್ಲೇ ಸೂಜಿ ಹಾಕಿ, ತಂತಿ ತೂರಿಸಿ, ಸೆಲ್ಡಿಂಗರ್ ಹೇಳಿದ ಕ್ರಮದಲ್ಲೇ ನಳಿಕೆ ಇಟ್ಟು ಕೀವನ್ನು ಹೊರಗೆ ಹರಿಸಬಹುದು. ಅದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. ಅಲ್ಟ್ರಾಸೌಂಡ್, ಒಂದು ನಳಿಕೆ, ಕಲಿತ ಕೈ ಸಾಕು. ಮರುದಿನ ಬೆಳಿಗ್ಗೆ ವಾರ್ಡಿಗೆ ಹೋಗಿ, ಚೀಲದಲ್ಲಿ ಎಷ್ಟು ಕೀವು ಬಂತು, ಜ್ವರ ಇಳಿಯಿತೇ ಎಂದು ತಾನೇ ನೋಡಬಹುದು.